ತೊಟ್ಟಿಲಂತೆ ತೂಗುತ್ತಿದ್ದ ಕೆಂಪು ಕಾರು

ಇದು ಆಗದ ಮಾತು ಅಂದವನು ನನ್ನ ಸೋದರಮಾವ ರುದ್ರೇಶ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಕೂಗಿ ಕೂಗಿ ಜನ ಹತ್ತಿಸುವ ಏಜೆಂಟ್ ಅವನು. ಮೆಲ್ಲಗೆ ಮಾತಾಡುವ ಅಭ್ಯಾಸವೇ ಇಲ್ಲ. ನಾನು ಇಂಜಿನಿಯರಿಂಗ್ ಸೇರುತ್ತೇನೆ, ಅದೂ ಮೆಕ್ಯಾನಿಕಲ್ಲು ಎಂದು ಗೊತ್ತಾದ ದಿನ ಜಾವಗಲ್ಲಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದ: "ಅಕ್ಕಾ, ನಿನ್ ಮಗಳು ಇಂಜಿನ್ ರಿಪೇರಿ ಮಾಡಿ ಸರ್ಟಿಫಿಕೇಟ್ ತಗಂಡ ದಿನ ನಮ್ಮನೆ ಎಮ್ಮೆ ಮೊಟ್ಟೆ ಇಡ್ತದೆ. ಬರ್ಕೊ ಬೇಕಾದ್ರೆ."

ಅಮ್ಮನಿಗೆ ಬರೆದುಕೊಳ್ಳಲು ಅಕ್ಷರ ಬಾರದು. ಹಾಗಾಗಿ ನಾನೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಮ್ಮ ವಂಶದಲ್ಲಿ ಹತ್ತನೇ ಕ್ಲಾಸಿನ ಬಾಗಿಲು ದಾಟಿದವರೇ ಇರಲಿಲ್ಲ. ಅಪ್ಪ ಈರಣ್ಣ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಹಾರೆಯ ಮೊನೆಗೆ ಕಾಯಿ ಕುಕ್ಕಿ, ಮೂರು ತಿರುವಿಗೆ ಸಿಪ್ಪೆ ಬಿಡಿಸಿ ಎಸೆಯುವ ಅವನ ಕೈಗೆ ಇಡೀ ಹೋಬಳಿಯಲ್ಲಿ ಹೆಸರಿತ್ತು. ಅಮ್ಮ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಇಂಥ ಮನೆಯ ಹುಡುಗಿ ಇಂಜಿನ್ ಬಿಚ್ಚುತ್ತೇನೆ ಅಂದರೆ ಮಾವ ಎಮ್ಮೆಯನ್ನು ನೆನೆಸಿಕೊಂಡದ್ದು ತಪ್ಪಲ್ಲ. ಈಗ ಅವನ ಸ್ಕೂಟರು ಸ್ಟಾರ್ಟ್ ಆಗದಿದ್ದರೆ ನನಗೇ ಫೋನ್ ಮಾಡುತ್ತಾನೆ. "ರತ್ನಾ, ಸುಮ್ಕೆ ಮಾಡ್ದೆ, ಹೆಂಗಿದ್ದೀಯಾ" ಅಂತ ಶುರು ಮಾಡಿ, ಹತ್ತು ನಿಮಿಷ ಊರಿನ ಸುದ್ದಿಯೆಲ್ಲ ಸುತ್ತಿ ಬಂದು ಕೊನೆಗೆ ಕಾರ್ಬುರೇಟರಿಗೆ ಇಳಿಯುತ್ತಾನೆ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನದೊಂದು ಕೆಟ್ಟ ಚಾಳಿ. ಯಾವ ಗಾಡಿ ಹತ್ತಿದರೂ ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತೇನೆ. ಮೊನ್ನೆ ಹಾಸನದಿಂದ ಊರಿಗೆ ಬರುವಾಗ ಡ್ರೈವರ್ ಪಕ್ಕದ ಸೀಟಿನಲ್ಲಿ ಹಾಗೆ ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಪಾಪ, ನನಗೆ ವಾಂತಿ ಬರುತ್ತಿದೆ ಎಂದುಕೊಂಡು ನಿಂಬೆಹಣ್ಣು ಮೂಸಲು ಕೊಟ್ಟಳು. ನಾನು ಕೇಳುತ್ತಿದ್ದದ್ದು ಬಸ್ಸಿನ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಸಿಳ್ಳೆಯನ್ನು. ಹೇಳಿದರೆ ನಗುತ್ತಾಳೆ ಎಂದು ನಿಂಬೆಹಣ್ಣು ಮೂಸಿದೆ.

ಈ ಚಾಳಿ ನನಗೆ ಕಾಲೇಜಿನಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ನಮ್ಮ ಸೀಮೆಯಲ್ಲಿ ಕೊಬ್ಬರಿ ಹೇಗಾಗುತ್ತದೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಪೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಒಡೆದು ನೋಡುವ ಹಾಗಿಲ್ಲ, ಮೊದಲೇ ಒಡೆದರೆ ಕಾಯಿ ಹಾಳು. ಆಗ ಅಟ್ಟ ಹತ್ತುತ್ತಿದ್ದವಳು ನಮ್ಮಜ್ಜಿ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವಳು. "ಇದ್ರಾಗೆ ಇನ್ನೂ ನೀರೈತೆ." "ಇದು ಅಂಟ್ಕೊಂಡೈತೆ, ಇನ್ನೊಂದು ತಿಂಗ್ಳು." "ಇದು ಆಗೈತೆ, ಇಳ್ಸು." ನನ್ನ ಕಿವಿಗೆ ಎಲ್ಲ ಕಾಯಿಯದೂ ಒಂದೇ ಸದ್ದು. ಅವಳು ಆಗಿದೆ ಎಂದದ್ದನ್ನು ಒಡೆದರೆ ಚಿನ್ನದ ಬಣ್ಣದ ಉಂಡೆ. ಒಂದೂ ತಪ್ಪುತ್ತಿರಲಿಲ್ಲ. ಮುಚ್ಚಿದ ಚಿಪ್ಪಿನ ಒಳಗೆ ಏನಾಗಿದೆ ಎಂದು ಹೊರಗೆ ನಿಂತು ಹೇಳುವುದು ನನಗೆ ಆವತ್ತು ಪವಾಡದ ಹಾಗೆ ಕಂಡಿತ್ತು. ನಿಜ ಹೇಳಬೇಕೆಂದರೆ ಇವತ್ತೂ ಹಾಗೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ, ನಾನು ಈಗ ಆ ಕೆಲಸವನ್ನೇ ಸಂಬಳಕ್ಕೆ ಮಾಡುತ್ತೇನೆ. ಹಾಸನದ ಒಂದು ಸರ್ವಿಸ್ ಸೆಂಟರಿನಲ್ಲಿ, ಯಾರಿಗೂ ಸಿಕ್ಕದ ದೋಷ ಇರುವ ಗಾಡಿ ಬಂದರೆ ಅದನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಾರೆ.

ಆದರೆ ಅಲ್ಲಿಗೆ ತಲುಪುವುದು ಸುಲಭವಾಗಿರಲಿಲ್ಲ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮೂರನೇ ಸಲ ಪಾಸಾದಾಗ ಅಂಕಪಟ್ಟಿಯನ್ನು ಮೂರು ಸಲ ತಿರುಗಿಸಿ ನೋಡಿದೆ, ಬೇರೆ ಯಾರದೋ ಇರಬೇಕೆಂದು. ಹಾಗೂ ಹೀಗೂ ಕೊನೆಯ ವರ್ಷಕ್ಕೆ ಬಂದರೆ ಅಲ್ಲೊಂದು ಗೇಟು ಹಾಕಿತ್ತು. ಯಾವುದಾದರೂ ಕಾರ್ಖಾನೆಯಲ್ಲೋ ವರ್ಕ್‌ಶಾಪಿನಲ್ಲೋ ಕೆಲಸ ಕಲಿತು, ಕಲಿತಿದ್ದಾಳೆ ಎಂದು ಅಲ್ಲಿಯವರಿಂದ ಸರ್ಟಿಫಿಕೇಟ್ ತರಬೇಕು. ತರದಿದ್ದರೆ ಕೊನೆಯ ಮೌಖಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ಹಿಂದೆ ಬಿದ್ದ ಹಾಗೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿದೆ, ಒಂದರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಹೋಗಿ ನಿಂತದ್ದು ಹಳೇಬೀಡಿನಲ್ಲಿ, ಬೇಲೂರು ರಸ್ತೆಯ ಪಕ್ಕದ ನಂಜುಂಡಣ್ಣನ ಗ್ಯಾರೇಜಿನ ಮುಂದೆ.

ನಂಜುಂಡಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೇರ್ಕೊ" ಅಂದರು. ನನಗೆ ಅಷ್ಟಕ್ಕೇ ಕಣ್ಣು ತುಂಬಿತು. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಆದ್ರೆ ಒಂದು ಮಾತು ಕಣಮ್ಮ. ನೆಲ ಗುಡಿಸ್ದೆ, ಸ್ಪ್ಯಾನರ್ ಕೊಟ್ಟೆ ಅಂತ ನಾನು ಸೈನ್ ಹಾಕಾಕಿಲ್ಲ. ಒಂದು ಗಾಡಿ, ಒಂದೇ ಒಂದು, ಅದಕ್ಕೇನಾಗೈತೆ ಅಂತ ನನಗಿಂತ ಮುಂಚೆ ನೀನು ಕಂಡ್ಹಿಡಿ. ಆವತ್ತು ಹಾಕ್ತೀನಿ."

ಒಂದೇ ಗಾಡಿ ತಾನೇ ಎಂದುಕೊಂಡೆ. ನಂಜುಂಡಣ್ಣ ಎಂಥ ಮನುಷ್ಯ ಎಂದು ನನಗೆ ಆಗ ಗೊತ್ತಿರಲಿಲ್ಲ. ಗಾಡಿ ರಸ್ತೆಯ ತಿರುವಿನಲ್ಲಿರುವಾಗಲೇ ಟೀ ಲೋಟ ಕೆಳಗಿಟ್ಟು, "ಕ್ಲಚ್ ಹೋಗೈತೆ" ಎನ್ನುವರು. ನಾನು ಪುಸ್ತಕ ತಿರುಗಿಸಿ ಹನ್ನೊಂದು ಕಾರಣಗಳ ಪಟ್ಟಿ ಮಾಡುವಷ್ಟರಲ್ಲಿ ಅವರು ಕ್ಲಚ್ ಕೆಳಗಿಳಿಸಿರುತ್ತಿದ್ದರು. ಹೀಗೇ ತಿಂಗಳುಗಳು ಕಳೆದವು. ಮುಂದಿನ ಸೋಮವಾರ ಮೌಖಿಕ ಪರೀಕ್ಷೆ ಎಂದು ಕಾಲೇಜಿನಿಂದ ಮೆಸೇಜ್ ಬಂದಾಗ ನನ್ನ ಲೆಕ್ಕಕ್ಕೆ ಒಂದೂ ಗಾಡಿ ಬಂದಿರಲಿಲ್ಲ.

ಆ ವಾರದ ಬುಧವಾರ ಮಧ್ಯಾಹ್ನ ಆ ಕೆಂಪು ಕಾರು ಬಂತು.

ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರ ಮಲ್ಲಿಕಾರ್ಜುನಪ್ಪನವರದು ಅದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಟರ್ಬೋ ಸ್ಪೋರ್ಟ್ಸ್ ಕಾರು. ವಯಸ್ಸು ಅರವತ್ತು ದಾಟಿದ ಮೇಲೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ ಧರಿಸಿ ಅದನ್ನು ಓಡಿಸುತ್ತಿದ್ದರು. ನಮ್ಮ ರಸ್ತೆಯ ಹಂಪುಗಳನ್ನು ಅದು ನೇರವಾಗಿ ಹತ್ತುವ ಹಾಗಿರಲಿಲ್ಲ. ಹಂಪು ಕಂಡ ಕೂಡಲೇ ಸಾಹುಕಾರರು ಕಾರನ್ನು ಏಡಿಯ ಹಾಗೆ ಅಡ್ಡಡ್ಡ ತಿರುಗಿಸಿ ಒಂದೊಂದೇ ಚಕ್ರ ದಾಟಿಸುವರು. ಹಿಂದೆ ಬರುವ ತೆಂಗಿನಕಾಯಿ ಲಾರಿಗಳು ಮರ್ಯಾದೆಯಿಂದ ಕಾಯುತ್ತಿದ್ದವು.

ಸಾಹುಕಾರರು ಕಾರಿನಿಂದ ಇಳಿಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದರು: "ನಂಜುಂಡಣ್ಣ, ಇದು ತೂಗ್ತದೆ ಕಣಪ್ಪ."

"ಹೆಂಗೆ ತೂಗ್ತದೆ ಸಾಹುಕಾರ್ರೇ?"

"ತೊಟ್ಟಿಲು ತೂಗ್ದಂಗೆ. ಕಾಲು ಅಲ್ಲಾಡಿಸ್ದೆ ಒಂದೇ ಸಮ ಒತ್ಕೊಂಡಿದ್ರೂವೆ ಅದೇ ಮುಂದಕ್ಕೆ ಹೋಯ್ತದೆ, ಹಿಂದಕ್ಕೆ ಬತ್ತದೆ. ಜೋರಾಗಲ್ಲ, ಸ್ವಲ್ಪ. ಬೆಂಗಳೂರಿನ ಶೋರೂಮಿಗೆ ಎರಡು ಸಲ ತಗಂಡೋದೆ. ಕಂಪ್ಯೂಟರ್ ಹಾಕಿ ನೋಡಿ, ಏನೂ ಆಗಿಲ್ಲ ಸರ್, ನಿಮಗೆ ಹಂಗನ್ನಿಸ್ತದೆ ಅಷ್ಟೇ ಅಂದ್ರು. ನನಗೆ ವಯಸ್ಸಾಗೈತೆ ಅಂತ ಮುಖಕ್ಕೇ ಅಂದಂಗಾಯ್ತು."

ನಂಜುಂಡಣ್ಣ ಬಾನೆಟ್ ಎತ್ತಿದರು. ನಾನು ಇಣುಕಿ ನೋಡಿದೆ.

ಟರ್ಬೋ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೊರಗೆ ಹೋಗುವ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ. ಬೇಡವೆಂದು ಇಂಜಿನ್ನು ಉಗುಳಿದ ಬಿಸಿ ಹೊಗೆ ಅದನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಅಂಗೈಯಲ್ಲಿ ಹಿಡಿಸುವ ಈ ವಸ್ತು ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ ಅಂದರೆ ನೀವೇ ಊಹಿಸಿಕೊಳ್ಳಿ. ಹಳೇಬೀಡಿನ ದೇವಸ್ಥಾನದಲ್ಲಿ ಚಕ್ರದ ಮೇಲೆ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿವೆ. ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಎಲ್ಲ ಮಕ್ಕಳೂ ಗೋಡೆಯ ಮೇಲಿನ ಆನೆ ಎಣಿಸುತ್ತಿದ್ದರೆ ನಾನು ಒಂದು ಕಂಬದ ನುಣುಪಿನಲ್ಲಿ ನನ್ನ ಮುಖ ಕಂಡು ಅಲ್ಲೇ ನಿಂತುಬಿಟ್ಟಿದ್ದೆ. ಇಷ್ಟು ದೊಡ್ಡ ಕಲ್ಲನ್ನು ಯಾರು ತಿರುಗಿಸಿದರು, ಅಳ್ಳಾಡದ ಹಾಗೆ ಹೇಗೆ ಹಿಡಿದರು? ಮೇಷ್ಟ್ರನ್ನು ಕೇಳಿದ್ದಕ್ಕೆ, "ಲೈನಲ್ಲಿ ನಡಿ" ಅಂದಿದ್ದರು. ಬಾನೆಟ್ಟಿನ ಮೇಲೆ ಬಗ್ಗಿದಾಗ ಅದೇ ಬೆರಗು ಬಂತು. ಉತ್ತರ ಕೇಳುವುದಕ್ಕೆ ಈ ಸಲ ಮೇಷ್ಟ್ರು ಬೇಕಿರಲಿಲ್ಲ, ಕೈಯಲ್ಲಿ ಸ್ಪ್ಯಾನರ್ ಇತ್ತು.

ನಂಜುಂಡಣ್ಣ ಸಂಜೆಯವರೆಗೂ ನೋಡಿದರು. ಓಡಿಸಿದರು, ತೂಗಲಿಲ್ಲ. ಪ್ಲಗ್ಗುಗಳು ಚೆನ್ನಾಗಿದ್ದವು, ಪೆಟ್ರೋಲಿನ ಒತ್ತಡ ಸರಿಯಿತ್ತು. ದೋಷ ತೋರಿಸುವ ಅವರ ಸ್ಕ್ಯಾನರಿನಲ್ಲೂ ಎಲ್ಲ ಸರಿ ಎಂದೇ ಬಂತು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನನಗೆ ಸಿಕ್ತಿಲ್ಲ ಕಣಮ್ಮ. ಇಷ್ಟು ದಿನ ಕಾಯ್ತಿದ್ದೆಯಲ್ಲ, ತಗೋ, ಇದು ನಿನ್ ಗಾಡಿ."

ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಚೆನ್ನಾಗಿ ನಿದ್ದೆ ಮಾಡಿದೆ, ಯಾಕೆಂದರೆ ಉತ್ತರ ಗೊತ್ತಾಗಿದೆ ಎಂದುಕೊಂಡಿದ್ದೆ. ಟರ್ಬೋದಿಂದ ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಎಲ್ಲೋ ಸಣ್ಣ ಬಿರುಕಿದೆ, ಗಾಳಿ ಸೋರುತ್ತಿದೆ, ಅದಕ್ಕೇ ತೂಗುತ್ತದೆ. ಪುಸ್ತಕದಲ್ಲಿ ಹಾಗೇ ಇತ್ತು. ಕೊಳವೆಯೊಳಗೆ ಹೊಗೆ ತುಂಬಿಸಿದರೆ ಸೋರುವ ಕಡೆ ಹೊಗೆ ಕಾಣುತ್ತದೆ. ಹೊಗೆ ಬಿಡುವ ಯಂತ್ರ ನಮ್ಮಲ್ಲಿರಲಿಲ್ಲ. ಗುರುವಾರ ಬೆಳಿಗ್ಗೆ ಒಂದು ತಗಡಿನ ಡಬ್ಬಿಯಲ್ಲಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಉದುರಿಸಿ, ಸೈಕಲ್ ಪಂಪಿನಿಂದ ಆ ಹೊಗೆಯನ್ನು ಕೊಳವೆಗೆ ಒತ್ತಿದೆ. ಕಾರಿನಿಂದ ಎಳೆಯಷ್ಟೂ ಹೊಗೆ ಬರಲಿಲ್ಲ. ಡಬ್ಬಿಯಿಂದ ಮಾತ್ರ ಧಾರಾಳವಾಗಿ ಬಂದು ಗ್ಯಾರೇಜು ತುಂಬಿತು. ಅದೇ ಹೊತ್ತಿಗೆ ಸಾಹುಕಾರರು ಬಂದರು. ಬಾಗಿಲಲ್ಲಿ ನಿಂತು, ಹೊಗೆಯ ನಡುವೆ ಕೆಮ್ಮುತ್ತಿದ್ದ ನಮ್ಮಿಬ್ಬರನ್ನು ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದರು.

"ದೃಷ್ಟಿ ತೆಗೀತಿದೀರೇನವ್ವಾ? ನಮ್ಮ ತಾಯೋರೂ ಅದನ್ನೇ ಅಂದ್ರು. ಮೆಣಸಿನಕಾಯಿ ಹಾಕಿದ್ರಾ?"

ನಂಜುಂಡಣ್ಣ ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು. ನಾನು ಡಬ್ಬಿಗೆ ನೀರು ಸುರಿದೆ. ಉಳಿದದ್ದು ಶುಕ್ರವಾರ, ಶನಿವಾರ, ಭಾನುವಾರ.

ಅವಮಾನವಾದಾಗ ನನಗೆ ಬುದ್ಧಿ ಸ್ವಲ್ಪ ಚುರುಕಾಗುತ್ತದೆ. ಡಬ್ಬಿ ತೊಳೆಯುತ್ತ, ಅಜ್ಜಿ ಕಾಯಿಯನ್ನು ಪುಸ್ತಕ ನೋಡಿ ಆರಿಸುತ್ತಿರಲಿಲ್ಲವಲ್ಲ ಎನಿಸಿತು. ಅವಳು ಮೊದಲು ಕೇಳುತ್ತಿದ್ದಳು. ನಾನು ಈ ಕಾರು ತೂಗುವುದನ್ನು ಒಂದು ಸಲವೂ ಕಂಡಿರಲಿಲ್ಲ. ಸಾಹುಕಾರರನ್ನೇ ಕೇಳಿದೆ: "ಯಾವ ಹೊತ್ತಿನಲ್ಲಿ ತೂಗ್ತದೆ ಸಾಹುಕಾರ್ರೇ?"

"ಬೆಳಿಗ್ಗೆ ಹೊತ್ತು. ಬೇಲೂರಿಗೆ ದೇವರ ದರ್ಶನಕ್ಕೆ ಹೋಗ್ತೀನಲ್ಲ, ಆವಾಗ."

"ಬೆಂಗಳೂರಿನಲ್ಲಿ ಅವರು ಯಾವಾಗ ಓಡಿಸಿ ನೋಡಿದ್ರು?"

"ನಾನು ಹೋಗಿ ಸೇರೋದೇ ಮಧ್ಯಾಹ್ನ ಆಯ್ತದೆ. ಊಟ ಆದಮೇಲೆ ನೋಡಿದ್ರು."

ನಂಜುಂಡಣ್ಣನೂ ನೋಡಿದ್ದು ಮಧ್ಯಾಹ್ನವೇ. ನಾಳೆ ಬೆಳಿಗ್ಗೆ ನಾನೂ ಕಾರಿನಲ್ಲಿ ಬರಬಹುದೇ ಎಂದು ಕೇಳಿದೆ. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ದಾರಿಯಲ್ಲೇ ನಮ್ಮ ಜಾವಗಲ್ ಸಿಗುತ್ತದೆ. ಸಾಹುಕಾರರು ಕಾರು ತೆಗೆದುಕೊಂಡು ಹೋದರು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬೀದಿಯ ಕೊನೆಯಲ್ಲಿ ಕಾದೆ. ಸಂಕ್ರಾಂತಿಯ ಆಸುಪಾಸಿನ ಚಳಿ. ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಜೊತೆಗೆ ಬಂದು ನಿಂತಿದ್ದ. ಕೆಂಪು ಕಾರು ಬಂದು ನಿಂತಾಗ ಹಾಲಿನ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತಿದ್ದವರೆಲ್ಲ ಇತ್ತ ತಿರುಗಿದರು. ನಾನು ದೊಡ್ಡ ಗತ್ತಿನಲ್ಲಿ ಹತ್ತಲು ಹೋಗಿ ಹಣೆ ಬಡಿಸಿಕೊಂಡೆ. ಅಷ್ಟು ತಗ್ಗಿನ ಕಾರಿಗೆ ಹತ್ತಬಾರದು, ಇಳಿಯಬೇಕು.

ಊರು ದಾಟಿದ ಮೇಲೆ ಸಾಹುಕಾರರು ನಾಲ್ಕನೇ ಗೇರಿಗೆ ಹಾಕಿ ಕಾಲನ್ನು ಕಲ್ಲಿನ ಹಾಗೆ ಇಟ್ಟರು. "ಈಗ ನೋಡವ್ವ."

ಕಣ್ಣು ಮುಚ್ಚಿದೆ. ಮೊದಲು ಏನೂ ಇಲ್ಲ. ಆಮೇಲೆ ಬಂತು. ಬೆನ್ನನ್ನು ಸೀಟು ಮೆತ್ತಗೆ ಒತ್ತಿತು, ಬಿಟ್ಟಿತು. ಮತ್ತೆ ಒತ್ತಿತು, ಬಿಟ್ಟಿತು. ಇಂಜಿನ್ನಿನ ಸದ್ದು ಏರುವುದಕ್ಕೆ ಒಂದು ಕ್ಷಣ ಮೊದಲು ಟರ್ಬೋ ಸಿಳ್ಳೆ ಏರುತ್ತಿತ್ತು. ಯಾರೋ ಸರಿಯಾಗಿ ಎಣಿಸಲು ಬಾರದವರು, ಹೆಚ್ಚು ಕೊಟ್ಟೆ ಅಂತ ಹಿಂದಕ್ಕೆ ತೆಗೆದುಕೊಂಡು, ಕಡಿಮೆಯಾಯಿತು ಅಂತ ಮತ್ತೆ ಸುರಿಯುವ ಹಾಗೆ. ಸಾಹುಕಾರರಿಗೆ ಸುಮ್ಮನೆ ಹಾಗನ್ನಿಸಿದ್ದಲ್ಲ. ಅರವತ್ತರ ಆ ಮನುಷ್ಯರ ಬೆನ್ನಿಗೆ ಗೊತ್ತಾದದ್ದು ಕಂಪ್ಯೂಟರಿಗೆ ಗೊತ್ತಾಗಿರಲಿಲ್ಲ. ಹಾಗೆಂದು ಹೇಳಿದೆ. ಅವರು ಮುಂದಿನ ಹಂಪನ್ನು ಬಹಳ ಅಭಿಮಾನದಿಂದ ದಾಟಿಸಿದರು.

ಹಳೇಬೀಡಿನವರೆಗೂ ತೂಗಿತು. ಮಾದಿಹಳ್ಳಿ ಹತ್ತಿರ ಬಿಸಿಲು ಗದ್ದೆಗೆ ಬೀಳುವ ಹೊತ್ತಿಗೆ ಕಡಿಮೆಯಾಯಿತು. ಬೇಲೂರು ಕಾಣುವಾಗ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಅಂದರೆ ಚಳಿಗೂ ಇದಕ್ಕೂ ಸಂಬಂಧವಿದೆ. ಚಳಿಯಲ್ಲಿ ಇರುವುದು, ಬಿಸಿಯಾದರೆ ಇಲ್ಲದಾಗುವುದು ಯಾವುದು?

ದರ್ಶನ ಮುಗಿಸಿ ಬಂದ ಸಾಹುಕಾರರು ಸೀಟಿನಲ್ಲಿ ಕೂತು, ಬಾಗಿಲಿನ ಸಂದಿಯಿಂದ ಒಂದು ಬಾಟಲಿ ತೆಗೆದರು. ಚಳಿಗೆ ಅವರ ಕೈ ಒಡೆದಿತ್ತು. ಬಾಟಲಿ ಬಗ್ಗಿಸಿದರು, ಏನೂ ಬೀಳಲಿಲ್ಲ. "ಇನ್ನೂ ಗಟ್ಟಿಗೈತೆ" ಎನ್ನುತ್ತ ಕಾರಿನ ಬಿಸಿಗಾಳಿ ಬರುವ ಕಿಂಡಿಗೆ ಹಿಡಿದರು. ಒಳಗಿದ್ದ ಬಿಳಿಯ ಗಟ್ಟಿ ನಿಧಾನವಾಗಿ ಅಂಚಿನಿಂದ ಕರಗಿ ತಿಳಿಯಾಯಿತು.

ನಾನು ಆ ಬಾಟಲಿಯನ್ನೇ ನೋಡುತ್ತ ಕೂತೆ.

"ಸಾಹುಕಾರ್ರೇ, ಈ ಕಾರಿಗೆ ಎಲ್ಲಾದರೂ ಕೊಬ್ಬರಿ ಎಣ್ಣೆ ಹಾಕಿದೀರಾ?"

"ಹಾಕ್ದೆ ಇರ್ತೀನಾ? ಬಾಗಿಲ ಕೀಲಿಗೆ ಹಾಕ್ದೆ. ಸೀಟಿನ ಚರ್ಮಕ್ಕೆ ಸವರ್ದೆ, ನೋಡು ಹೆಂಗೆ ಹೊಳೀತದೆ. ಆಮೇಲೆ ಆ ಗಾಳಿ ಫಿಲ್ಟರ್ ಐತಲ್ಲ, ತೊಳ್ದು ತೊಳ್ದು ಹಾಕೋದು, ಹತ್ತಿದು, ಬೆಂಗಳೂರಲ್ಲಿ ಹಾಕ್ಸಿದ್ದು. ತೊಳೆದ ಮೇಲೆ ಎಣ್ಣೆ ಬಿಡ್ಬೇಕು ಅಂತ ಕಾಗದದಲ್ಲಿ ಬರ್ದಿತ್ತು. ಅವ್ರು ಕೊಟ್ಟ ಎಣ್ಣೆ ಮುಗೀತು. ನಮ್ಮ ಗಾಣದ್ದೇ ಇಲ್ವಾ, ಕಲಬೆರಕೆ ಇಲ್ಲದ್ದು, ಅದ್ನೇ ಚೆನ್ನಾಗಿ ನೆನೆಸಿ ಹಾಕ್ದೆ."

ನಮ್ಮೂರಲ್ಲಿ ಹುಟ್ಟಿದ ಮಗುವಿನ ನೆತ್ತಿಗೆ, ಮದುಮಗಳ ಜಡೆಗೆ, ಬಾವಿಯ ರಾಟೆಗೆ, ಹೊಲಿಗೆ ಮೆಷಿನ್ನಿಗೆ, ಕಿವಿನೋವಿಗೆ ಎಲ್ಲದಕ್ಕೂ ಅದೇ ಎಣ್ಣೆ. ಎಣ್ಣೆ ಬಿಡು ಅಂದರೆ ನಮ್ಮಲ್ಲಿ ಯಾರೂ ಯಾವ ಎಣ್ಣೆ ಎಂದು ಕೇಳುವುದಿಲ್ಲ. ಸತ್ಯವಾಗಿ ಹೇಳುತ್ತೇನೆ, ಆ ಕಾರು ನನ್ನದಾಗಿದ್ದರೆ ನಾನೂ ಅದನ್ನೇ ಹಾಕಿರುತ್ತಿದ್ದೆ. ಬೆಂಗಳೂರಿನ ಶೋರೂಮಿನವರಿಗೆ ಇದು ಹೊಳೆಯದಿದ್ದರೆ ಅವರ ತಪ್ಪೂ ಅಲ್ಲ.

ಗ್ಯಾರೇಜಿಗೆ ಬಂದು ನಂಜುಂಡಣ್ಣನಿಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ಕಂಡ್ಹಿಡಿದೆ ಅಂದ್ರೆ ಸಾಲ್ದು. ತೋರ್ಸು" ಅಂದರು. ಫಿಲ್ಟರ್ ಬಿಚ್ಚಿ ಒಂದು ತಟ್ಟೆಯಲ್ಲಿಟ್ಟು ಕಿಟಕಿಯ ಮೇಲಿಟ್ಟೆ. ಸಾಹುಕಾರರು ಕಾರು ಬಿಟ್ಟು ಬಸ್ಸಿನಲ್ಲಿ ಅರಸೀಕೆರೆಗೆ ಹೋದರು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ನಂಜುಂಡಣ್ಣ ನನಗಿಂತ ಮುಂಚೆ ಬಂದು ತಟ್ಟೆಯ ಮುಂದೆ ನಿಂತಿದ್ದರು. ಕೆಂಪು ಹತ್ತಿಯ ಮಡಿಕೆ ಮಡಿಕೆಯಲ್ಲೂ ಎಣ್ಣೆ ಬೆಣ್ಣೆಯಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಗಾಳಿ ನುಗ್ಗಬೇಕಾದ ಕಣ್ಣುಗಳೆಲ್ಲ ಮುಚ್ಚಿದ್ದವು.

"ಇದು ಅರ್ಧ" ಎಂದು, ಫಿಲ್ಟರಿನ ಹಿಂದಿನ ಕೊಳವೆಯಿಂದ ಬೆರಳುದ್ದದ ಒಂದು ಸೆನ್ಸರ್ ಬಿಚ್ಚಿ ಅವರ ಕೈಗೆ ಕೊಟ್ಟೆ. ಟಾರ್ಚ್ ಬಿಟ್ಟು ತೋರಿಸಿದೆ. ಒಳಗೆ ಕೂದಲಿಗಿಂತ ಸಣ್ಣ ತಂತಿ. ಅದನ್ನು ಕರೆಂಟಿನಿಂದ ಸದಾ ಬಿಸಿಯಾಗಿಟ್ಟಿರುತ್ತಾರೆ. ಒಳಗೆ ಬರುವ ಗಾಳಿ ಅದನ್ನು ತಣ್ಣಗೆ ಮಾಡುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟು ಬೇಕಾಯಿತು ಎನ್ನುವುದರ ಮೇಲೆ ಎಷ್ಟು ಗಾಳಿ ಬಂತು ಎಂದು ಕಾರಿಗೆ ತಿಳಿಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡುತ್ತದೆ. ಫಿಲ್ಟರಿನಿಂದ ಹಾರಿಬಂದ ಎಣ್ಣೆ ಆ ತಂತಿಗೆ ಮೆತ್ತಿ ಕಂಬಳಿ ಹೊದಿಸಿದಂತಾಗಿತ್ತು. ಗಾಳಿ ಬಂದದ್ದು ಅದಕ್ಕೆ ತಡವಾಗಿ ತಿಳಿಯುತ್ತಿತ್ತು. ತಡವಾಗಿ ತಿಳಿದದ್ದಕ್ಕೆ ತಡವಾಗಿ ಪೆಟ್ರೋಲು, ಆಮೇಲೆ ಹೆಚ್ಚು, ಆಮೇಲೆ ಕಡಿಮೆ. ಚಳಿಯಲ್ಲಿ ಕಾರು ತೂಗುತ್ತಿದ್ದದ್ದು ಹಾಗೆ; ಬಿಸಿಯೇರಿದರೆ ಎಣ್ಣೆ ಕರಗಿ ಗಾಳಿಗೆ ದಾರಿ ಬಿಡುತ್ತಿತ್ತು.

ನಂಜುಂಡಣ್ಣ ಆ ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಸ್ಸಿನ ಇಂಜಿನ್ನುಗಳನ್ನು ಇಳಿಸಿ ಏರಿಸಿದ ಕೈ ಅದು, ಈಗ ಒಂದು ಕೂದಲನ್ನು ಹಿಡಿದಿತ್ತು.

"ಗಾಳಿ ತೂಕ ಹಾಕ್ತದೆ ಅನ್ನು" ಅಂದರು. "ಇಷ್ಟು ವರ್ಷ ನಾನು ಇದನ್ನ ಬಿಚ್ಚಿ ಹಾಕೀನಿ. ಒಳಗೇನೈತೆ ಅಂತ ನೋಡೇ ಇರ್ಲಿಲ್ಲ. ಇನ್ನೊಂದ್ಸಲ ಹೇಳು, ನಿಧಾನಕ್ಕೆ."

ನಾನು ಇನ್ನೊಂದು ಸಲ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು, ಟೀ ಆರಿಹೋಗಲು ಬಿಟ್ಟು ಕೇಳಿದರು. ನಾಲ್ಕು ವರ್ಷದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಪಾಠ ಕೇಳಿರಲಿಲ್ಲ.

ಇಬ್ಬರೂ ಸೇರಿ ತಂತಿಯನ್ನು ಕ್ಲೀನರ್ ಸಿಂಪಡಿಸಿ ತೊಳೆದು ಒಣಗಿಸಿದೆವು, ಹಾಸನದಿಂದ ಹೊಸ ಕಾಗದದ ಫಿಲ್ಟರ್ ತರಿಸಿ ಹಾಕಿದೆವು. ಇನ್ನು ಉಳಿದದ್ದು ಭಾನುವಾರದ ಚಳಿ ಮತ್ತು ಸಾಹುಕಾರರು. ಇವೆರಡರಲ್ಲಿ ನನಗೆ ಹೆಚ್ಚು ಭಯವಿದ್ದದ್ದು ಸಾಹುಕಾರರದ್ದೇ. ಮೂರು ತಲೆಮಾರಿನಿಂದ ಕೊಬ್ಬರಿ ಎಣ್ಣೆಯಲ್ಲೇ ಹೆಸರು ಮಾಡಿದ ಮನೆಯವರಿಗೆ, ನಿಮ್ಮ ಎಣ್ಣೆಯಿಂದಲೇ ಕಾರು ಕೆಟ್ಟಿತು ಎಂದು ಕಾಯಿ ಸುಲಿಯುವವನ ಮಗಳು ಹೇಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಅಪ್ಪನೂ ನನ್ನ ಜೊತೆ ಬಂದ. ಕೆಲಸಕ್ಕೆ ರಜೆ, ಸುಮ್ಮನೆ ಬತ್ತೀನಿ ಅಂದ. ಗ್ಯಾರೇಜಿನ ಒಳಗೆ ಬರದೆ ಹೊರಗಿನ ಕಲ್ಲಿನ ಮೇಲೆ ಕೂತ. ಸಾಹುಕಾರರು ಬಂದಾಗ ನಂಜುಂಡಣ್ಣ ನನ್ನ ಕಡೆ ಕೈ ತೋರಿಸಿಬಿಟ್ಟರು. ಹೇಳಿದೆ. ಹೆಪ್ಪುಗಟ್ಟಿದ ಫಿಲ್ಟರನ್ನೂ ತೋರಿಸಿದೆ.

ಸಾಹುಕಾರರ ಮುಖ ಬಿಗಿಯಿತು. "ನಮ್ಮ ಎಣ್ಣೆನಾ? ಅದ್ರಾಗೆ ಒಂದು ತೊಟ್ಟು ಬೇರೇದಿಲ್ಲ. ನಮ್ಮಜ್ಜನ ಕಾಲದಿಂದ ಒಬ್ಬ ನರಪ್ರಾಣಿ ಕೆಟ್ಟದು ಅಂದಿಲ್ಲ."

"ಅದಕ್ಕೇ ಸಾಹುಕಾರ್ರೇ" ಅಂದೆ. ಮಾತು ಹೇಗೆ ಬಂತೋ ಗೊತ್ತಿಲ್ಲ, ನಿಜವಾದ್ದರಿಂದ ಬಂತು. "ಬೇರೆ ಎಣ್ಣೆ ಬೆರೆಸಿದ್ದರೆ ಹೀಗೆ ಹೆಪ್ಪುಗಟ್ಟುತ್ತಿರಲಿಲ್ಲ, ಕಾರೂ ಇಷ್ಟು ತೂಗುತ್ತಿರಲಿಲ್ಲ. ಶುದ್ಧವಾಗಿದ್ದದ್ದಕ್ಕೇ ಸಿಕ್ಕಿಬಿತ್ತು."

ಅವರು ತಟ್ಟೆಯನ್ನು ಎತ್ತಿ ಹತ್ತಿರದಿಂದ ನೋಡಿದರು. ಬೆರಳಿನಿಂದ ಆ ಬಿಳಿಯನ್ನು ಒಂದಿಷ್ಟು ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿದರು. "ಆಯ್ತು, ನಡಿ ನೋಡವಾ" ಅಂದರು.

ನಾನು ಪಕ್ಕದಲ್ಲಿ ಕೂತೆ. ಜಾವಗಲ್ ದಾರಿಯಲ್ಲಿ, ಇನ್ನೂ ಮಂಜು ಬಿಡದ ರಸ್ತೆಯಲ್ಲಿ, ನಾಲ್ಕನೇ ಗೇರು, ಕಲ್ಲಿನಂಥ ಕಾಲು. ಕಣ್ಣು ಮುಚ್ಚಿ ಕಾದೆ. ಟರ್ಬೋ ಸಿಳ್ಳೆ ಒಂದೇ ಎಳೆಯಾಗಿ, ತುಂಡಾಗದೆ ನಡೆದಿತ್ತು. ಲಕ್ಷ ಸುತ್ತು ತಿರುಗುವ ಚಕ್ರಕ್ಕೂ ಕೂದಲಂಥ ತಂತಿಗೂ ಮಾತು ಕೂಡಿತ್ತು. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕಡಿಮೆ. ಸಾಹುಕಾರರು ಅಷ್ಟು ದೂರ ಹೋಗಿ ತಿರುಗಿಸಿಕೊಂಡು ಬಂದರು. ಗ್ಯಾರೇಜಿನ ಮುಂದೆ ಇಳಿದು ನಂಜುಂಡಣ್ಣನಿಗೆ ಹೇಳಿದರು: "ನಮ್ಮೆಣ್ಣೆ ಎಷ್ಟು ಶುದ್ಧ ಅಂದ್ರೆ ಕಾರೇ ನಿಂತೋಯ್ತದೆ ಕಣಪ್ಪ." ಆ ಮಾತನ್ನು ಅವರು ಮಂಡಿಯಲ್ಲಿ ಇವತ್ತಿಗೂ ಹೇಳುತ್ತಾರಂತೆ. ನನ್ನ ಹೆಸರು ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಅವರು ಹೋದ ಮೇಲೆ ನಂಜುಂಡಣ್ಣ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದುಕೊಂಡರು. ಮೇಜಿನ ಖಾನೆಯಿಂದ ಕಾಲೇಜಿನ ಫಾರಂ ತೆಗೆದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ತುಂಬಿದರು. ಸೈನ್ ಹಾಕಿ, ಸೀಲಿಗೆ ಉಸಿರು ಬಿಟ್ಟು ಒತ್ತಿದರು. ನಾನು ಕೈ ಚಾಚಿದೆ. ಅವರು ನನಗೆ ಕೊಡಲಿಲ್ಲ. ಹೊರಗೆ ಹೋಗಿ, ಕಲ್ಲಿನ ಮೇಲೆ ಕೂತಿದ್ದ ಅಪ್ಪನ ಮುಂದೆ ಹಿಡಿದರು.

"ತಗೊಳಪ್ಪಾ. ನನಗಿಂತ ಮುಂಚೆ ಕಂಡ್ಹಿಡಿದ್ಲು."

ಅಪ್ಪ ಎದ್ದು ನಿಂತ. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು, ಕಾಗದದ ಎರಡೂ ಅಂಚು ಹಿಡಿದು ತೆಗೆದುಕೊಂಡ. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೂ ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿ, ಓದು ಅಂದ. ಓದಿದೆ: ಜಾವಗಲ್ ವಾಸಿ ಈರಣ್ಣನವರ ಮಗಳು ರತ್ನ ನಮ್ಮಲ್ಲಿ ಕೆಲಸ ಕಲಿತು, ವಾಹನದ ದೋಷವನ್ನು ಸ್ವತಃ ಪತ್ತೆ ಮಾಡಿರುತ್ತ—

ಅಪ್ಪ ಅಲ್ಲಿಗೇ ತಡೆದ. ಯಾವ ಸಾಲಿನಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಕಡೆ ಬೆರಳು ತಾಗಿಸದೆ ಮೇಲೆ ಮೇಲೆ ಹಿಡಿದ.

"ನನ್ನೆಸ್ರೂ ಹಾಕವ್ರಾ? ನಾನೇನ್ ಮಾಡ್ದೆ ಮಗಾ?"